ಅಧಿಕ ಮಾಸದ ವರ್ಷ ಕೆಡುತ್ತಿದ್ದ ಯಂತ್ರ

2023ರ ದಸರಾ ಹೊತ್ತಿಗೆ ನಾನು ಶಿವಮೊಗ್ಗದ ಒಂದು ಸಣ್ಣ ಕಂಪ್ಯೂಟರ್ ಸೇವಾ ಸಂಸ್ಥೆಯಲ್ಲಿ ಸಪೋರ್ಟ್ ಎಂಜಿನಿಯರ್ ಆಗಿ ಐದು ವರ್ಷ ಪೂರೈಸಿದ್ದೆ. ಸಂಸ್ಥೆಯಲ್ಲಿ ನಾವು ನಾಲ್ವರು. ಕಚೇರಿಗಳ ಕಂಪ್ಯೂಟರ್, ಪ್ರಿಂಟರ್, ನೆಟ್‌ವರ್ಕ್ ನೋಡಿಕೊಳ್ಳುವುದು ಉಳಿದ ಮೂವರ ಪಾಲು. ಕಾರ್ಖಾನೆಗಳಲ್ಲಿ ಯಾವುದಾದರೊಂದು ದೊಡ್ಡ ಯಂತ್ರಕ್ಕೆ ಜೋಡಿಸಿಟ್ಟ ಹಳೆಯ ಕಂಪ್ಯೂಟರ್‌ಗಳು ನನ್ನ ಪಾಲು. ಅದನ್ನು ಯಾರೂ ನನಗೆ ವಹಿಸಿದ್ದಲ್ಲ. ಅವುಗಳ ಮುಂದೆ ಗಂಟೆಗಟ್ಟಲೆ ಸುಮ್ಮನೆ ಕೂರುವ ತಾಳ್ಮೆ ನನಗಿತ್ತು, ಕೆಲಸ ತಾನಾಗಿ ನನ್ನ ಕಡೆ ಬಂತು.

ಅಕ್ಟೋಬರ್ 25, ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಭದ್ರಾವತಿ ಅಂಚಿನ ಒಂದು ಫೌಂಡ್ರಿಯಿಂದ ಫೋನ್ ಬಂತು. ಕಬ್ಬಿಣ ಕರಗಿಸಿ ಪಂಪು, ವಾಲ್ವುಗಳ ಬಿಡಿಭಾಗ ಎರಕ ಹೊಯ್ಯುವ ಕಾರ್ಖಾನೆ ಅದು. ಸೋಮವಾರ ಆಯುಧಪೂಜೆ, ಮಂಗಳವಾರ ವಿಜಯದಶಮಿ. ನಮ್ಮ ಕಡೆಯ ಎಲ್ಲ ಕಾರ್ಖಾನೆಗಳಂತೆ ಅಲ್ಲೂ ಪೂಜೆಗೆ ಮೊದಲು ಮೇನ್ ಸ್ವಿಚ್ಚನ್ನೇ ಆಫ್ ಮಾಡಿ, ಪ್ರತಿ ಯಂತ್ರವನ್ನೂ ಒರೆಸಿ, ವಿಭೂತಿ ಎಳೆದು, ಕುಂಕುಮ ಇಟ್ಟು, ಚೆಂಡುಹೂ ಕಟ್ಟಿ ಎರಡು ದಿನ ವಿಶ್ರಾಂತಿ ಕೊಟ್ಟಿದ್ದರು. ಬುಧವಾರ ಸ್ವಿಚ್ ಹಾಕಿದಾಗ ಎಲ್ಲವೂ ಎದ್ದವು, ಲ್ಯಾಬಿನ ಕಂಪ್ಯೂಟರ್ ಒಂದು ಏಳಲಿಲ್ಲ.

ಇದು ಹೊಸ ಸಂಗತಿಯಲ್ಲ. ಹಳೆಯ ಕಂಪ್ಯೂಟರ್ ಓಡುತ್ತಿರುವಾಗ ಸಾಯುವುದು ಕಡಿಮೆ, ನಿಲ್ಲಿಸಿ ಮತ್ತೆ ಹೊರಡಿಸುವಾಗ ಸಾಯುವುದು ಹೆಚ್ಚು. ಪ್ರತಿ ವರ್ಷ ವಿಜಯದಶಮಿಯ ಮಾರನೆಯ ದಿನ ನನಗೆ ಎರಡು ಮೂರು ಫೋನ್ ಬಂದೇ ಬರುತ್ತವೆ.

ಲ್ಯಾಬ್ ಎಂದರೆ ಕುಲುಮೆಯ ಶೆಡ್ಡಿಗೆ ಅಂಟಿಕೊಂಡ ಹತ್ತಡಿ ಹನ್ನೆರಡಡಿಯ ಕೋಣೆ. ಅಲ್ಲಿದ್ದದ್ದು ಸ್ಪೆಕ್ಟ್ರೋಮೀಟರ್. ಕರಗಿದ ಕಬ್ಬಿಣವನ್ನು ಒಂದು ಸೌಟಿನಷ್ಟು ತೆಗೆದು ನಾಣ್ಯದಂಥ ಬಿಲ್ಲೆ ಎರೆಯುತ್ತಾರೆ. ಬಿಲ್ಲೆಯ ಮುಖ ಉಜ್ಜಿ ಯಂತ್ರದ ಮೇಲಿಟ್ಟರೆ ಅದು ಕಿಡಿ ಹಾರಿಸುತ್ತದೆ. ಕಿಡಿಯ ಬೆಳಕನ್ನು ಒಡೆದು ನೋಡಿ ಕಾರ್ಬನ್ ಎಷ್ಟು, ಸಿಲಿಕಾನ್ ಎಷ್ಟು, ಗಂಧಕ ಎಷ್ಟು ಎಂದು ಒಂದೂವರೆ ನಿಮಿಷದಲ್ಲಿ ಹೇಳುತ್ತದೆ. ಆ ಅಂಕಿ ಬರುವವರೆಗೆ ಕುಲುಮೆಯ ಲೋಹವನ್ನು ಅಚ್ಚಿಗೆ ಹೊಯ್ಯುವಂತಿಲ್ಲ. ಯಂತ್ರವನ್ನು ನಡೆಸುತ್ತಿದ್ದವರು ಸರೋಜಮ್ಮ. ಐವತ್ತಾರು ವರ್ಷ, ಪಿಯುಸಿ ಸೈನ್ಸ್ ಓದಿದವರು, ಮನೆಮಾತು ತಮಿಳು, ಕಿರಿಯರನ್ನು ಪ್ರೀತಿಯಿಂದ 'ಕಣ್ಣು' ಎಂದು ಕರೆಯುವವರು. 2005ರಲ್ಲಿ ಯಂತ್ರ ಬಂದ ದಿನದಿಂದ ಅದರ ಜೊತೆ ಇದ್ದವರು.

ಅವರ ಮೇಲಿನ ಅಧಿಕಾರಿ ಹರೀಶ್, ಕ್ವಾಲಿಟಿ ಮ್ಯಾನೇಜರ್. ನಾನು ಬ್ಯಾಗ್ ಕೆಳಗಿಡುವ ಮೊದಲೇ ವಿಷಯ ಹೇಳಿ ಮುಗಿಸಿದರು.

"ಮೇಡಂ, ಮುಂದಿನ ಮಂಗಳವಾರ ಕಸ್ಟಮರ್ ಆಡಿಟ್. ಅಷ್ಟ್ರೊಳಗೆ ಮಿಷನ್ ಓಡಿದ್ರೆ ಓಡ್ತು. ಇಲ್ಲಾಂದ್ರೆ ಲ್ಯಾಬಿಗೆ ಬೀಗ ಹಾಕಿ ಟೆಸ್ಟಿಂಗ್ ಪೂರ್ತಿ ಹೊರಗೆ ಕೊಡ್ತೀವಿ. ಸರೋಜಮ್ಮಂಗೆ ಸ್ಟೋರ್ಸ್‌ನಲ್ಲಿ ಒಂದು ಕುರ್ಚಿ ನೋಡಿಟ್ಟಿದ್ದೀನಿ."

ಸರೋಜಮ್ಮ ಅಲ್ಲೇ ಇದ್ದರು. ಬಿಲ್ಲೆ ಉಜ್ಜುವ ಕಲ್ಲಿನ ಮೇಲಿನ ಹೂ ತೆಗೆಯುತ್ತಾ, "ಕುರ್ಚಿಗೆ ಕೈ ಇದ್ಯಾ ಸರ್, ಇಲ್ಲ ಸ್ಟೂಲಾ?" ಎಂದರು. ಆ ಮಾತಿನಲ್ಲಿ ತಮಾಷೆ ಎಷ್ಟಿತ್ತೋ ಭಯವೂ ಅಷ್ಟೇ ಇತ್ತು ಎಂದು ನನಗೆ ಆಮೇಲೆ ತಿಳಿಯಿತು. ಮಧ್ಯಾಹ್ನ ಊಟದ ಡಬ್ಬಿ ತೆಗೆಯುವಾಗ ಅವರು ನನ್ನನ್ನು ನೋಡದೆ ಹೇಳಿದರು: "ಸ್ಟೋರ್ಸ್‌ನಲ್ಲಿ ನಟ್ಟು ಬೋಲ್ಟು ಎಣಿಸೋಕೆ ಯಾರಾದ್ರೂ ಆಗ್ತಾರೆ ಕಣ್ಣು. ನಾನು ಹೊಯ್ಯಿ ಅಂದ್ರೆ ಹೊಯ್ತಾರೆ, ಬೇಡ ಅಂದ್ರೆ ನಿಲ್ಲಿಸ್ತಾರೆ. ಅದು ಇದೊಂದು ರೂಮಲ್ಲಿ ಮಾತ್ರ."

ಕಂಪ್ಯೂಟರ್ ಬಿಚ್ಚಿದೆ. ಮದರ್‌ಬೋರ್ಡಿನ ಮೇಲೆ ಆರು ಕೆಪಾಸಿಟರ್‌ಗಳು ಉಬ್ಬಿ ತಲೆ ಒಡೆದಿದ್ದವು. ಬೋರ್ಡ್ ಹೋಗಿತ್ತು. ನಲವತ್ತು ಜಿಬಿಯ ಹಾರ್ಡ್ ಡಿಸ್ಕ್ ಇನ್ನೂ ಜೀವಂತವಾಗಿತ್ತು, ಆದರೆ ತಿರುಗುವಾಗ ಸಣ್ಣಗೆ ಕೀರಲು ದನಿ ಬರುತ್ತಿತ್ತು. ಬೇರೆ ಬೋರ್ಡಿಗೆ ಹಾಕಿ ಒಂದು ಸಲ ಆನ್ ಮಾಡಿ ನೋಡೋಣ ಎಂದು ಹರೀಶ್ ಎರಡು ಬಾರಿ ಹೇಳಿದರು. ನಾನು ಒಪ್ಪಲಿಲ್ಲ. ಮೊದಲು ಡಿಸ್ಕಿನ ಪೂರ್ಣ ಪ್ರತಿ ತೆಗೆದೆ. ಎರಡು ಗಂಟೆ ಹತ್ತು ನಿಮಿಷ ಹಿಡಿಯಿತು. ಓದಲಾಗದ ಜಾಗ ಹನ್ನೊಂದು ಸಿಕ್ಕವು, ಅದೃಷ್ಟಕ್ಕೆ ಅವೆಲ್ಲ ಖಾಲಿ ಜಾಗಗಳು.

ಡಿಸ್ಕಿನಲ್ಲಿದ್ದದ್ದು ವಿಂಡೋಸ್ ಎಕ್ಸ್‌ಪಿ. ಯಂತ್ರದ ಸಾಫ್ಟ್‌ವೇರ್ ಅದರ ಮೇಲೆ ಮಾತ್ರ ಓಡುತ್ತಿತ್ತು. ಯಂತ್ರದಿಂದ ಬರುವ ಸಂಕೇತವನ್ನು ಓದುವ ಕಾರ್ಡ್, ಈಗಿನ ಕಂಪ್ಯೂಟರ್‌ಗಳಲ್ಲಿ ಕಾಣದ ಹಳೆಯ ಪಿಸಿಐ ಸ್ಲಾಟಿಗೆ ಕೂರುವಂಥದು. ಸಾಫ್ಟ್‌ವೇರಿಗೆ ಬೀಗದ ಕೈಯಂತೆ ಒಂದು ಡಾಂಗಲ್ ಬೇರೆ. ಅದು ಹಿಂದೆ ಪ್ರಿಂಟರಿಗೆ ಬಳಸುತ್ತಿದ್ದ ಅಗಲವಾದ ಪ್ಯಾರಲಲ್ ಪೋರ್ಟಿನಲ್ಲೇ ಇರಬೇಕು. ಹರೀಶ್ ಆಗಲೇ ಶಿವಮೊಗ್ಗದಿಂದ ಹೊಚ್ಚ ಹೊಸ ಕಂಪ್ಯೂಟರ್ ಒಂದನ್ನು ತರಿಸಿಟ್ಟಿದ್ದರು. ಅದರಲ್ಲಿ ಈ ಮೂರಕ್ಕೂ ಜಾಗವಿರಲಿಲ್ಲ.

"ಲೇಟೆಸ್ಟ್ ಅದು ಮೇಡಂ. ಹಳೇದು ಓಡದೆ ಇರುತ್ತಾ?"

ಆಪರೇಟಿಂಗ್ ಸಿಸ್ಟಮ್ ತಾನು ಹುಟ್ಟಿದ ಕಾಲದ ಯಂತ್ರಾಂಶವನ್ನು ಮಾತ್ರ ಗುರುತಿಸುತ್ತದೆ. ಆಮೇಲೆ ಬಂದದ್ದನ್ನು ಪರಿಚಯಿಸಲು ಡ್ರೈವರ್ ಎಂಬ ಸಣ್ಣ ತಂತ್ರಾಂಶ ಬೇಕು. ಇಪ್ಪತ್ತು ವರ್ಷದ ಹಿಂದಿನ ಸಿಸ್ಟಮ್‌ಗೆ ಈಗಿನ ಯಂತ್ರಾಂಶದ ಡ್ರೈವರನ್ನು ಯಾರೂ ಬರೆಯುವುದಿಲ್ಲ. ಇದನ್ನು ಹರೀಶರಿಗೆ ವಿವರಿಸಿ, ಬೆಂಗಳೂರಿಗೆ ಫೋನ್ ಮಾಡಿ ಕಾರ್ಖಾನೆಗಳಿಗೆಂದೇ ತಯಾರಾಗುವ ಒಂದು ಬೋರ್ಡ್ ತರಿಸಿದೆ. ಅದು ಹೊಸದಾಗಿ ತಯಾರಾದದ್ದು, ಪ್ರೊಸೆಸರ್ ಹೊಸದು, ಆದರೆ ಒಂದು ಪಿಸಿಐ ಸ್ಲಾಟನ್ನೂ ಪ್ಯಾರಲಲ್ ಪೋರ್ಟನ್ನೂ ಉಳಿಸಿಕೊಂಡಿತ್ತು. ಬಸ್ಸಿನ ಪಾರ್ಸೆಲ್‌ನಲ್ಲಿ ಶುಕ್ರವಾರ ಬೆಳಿಗ್ಗೆ ಕೈ ಸೇರಿತು. ಅಲ್ಲಿಯವರೆಗೆ ಸರೋಜಮ್ಮ ಪ್ರತಿ ಹೀಟಿನ ಬಿಲ್ಲೆಯನ್ನು, ಎಂದರೆ ಕುಲುಮೆಯ ಪ್ರತಿ ತುಂಬಿನ ಮಾದರಿಯನ್ನು, ಸ್ಕೂಟರಿನಲ್ಲಿ ಇನ್ನೊಂದು ಫೌಂಡ್ರಿಗೆ ಒಯ್ದು ಪರೀಕ್ಷಿಸಿ ತರುತ್ತಿದ್ದರು. ಹೋಗಿ ಬರಲು ನಲವತ್ತು ನಿಮಿಷ. ಅಷ್ಟೂ ಹೊತ್ತು ಕುಲುಮೆ ಸುಮ್ಮನೆ ಉರಿಯುತ್ತಿತ್ತು.

ಹಳೆಯ ಡಿಸ್ಕಿನ ಪ್ರತಿಯನ್ನು ಹಾಗೇ ಹೊಸ ಬೋರ್ಡಿಗೆ ಜೋಡಿಸಿದೆ. ನಿರೀಕ್ಷಿಸಿದಂತೆ, ಸಿಸ್ಟಮ್ ಕುಸಿದಾಗ ಬರುವ ನೀಲಿ ಪರದೆ. ಹಾಗಾಗಿ ಎಕ್ಸ್‌ಪಿಯನ್ನು ಹೊಸದಾಗಿಯೇ ಹಾಕಬೇಕಾಯಿತು. ಅಸಲಿ ಸಿಡಿ ಲ್ಯಾಬಿನ ಕಪಾಟಿನಲ್ಲಿ ಕವರಿನ ಸಮೇತ ಸಿಕ್ಕಿತು. ಸರೋಜಮ್ಮ ಯಾವುದನ್ನೂ ಎಸೆಯುವವರಲ್ಲ. ಮೊದಲ ಪ್ರಯತ್ನದಲ್ಲಿ ಮತ್ತೆ ನೀಲಿ ಪರದೆ. ದೋಷದ ಸಂಖ್ಯೆ 7ಬಿ ಎಂದು ಮುಗಿಯುತ್ತಿತ್ತು. ಡಿಸ್ಕ್ ಎದುರಿಗೇ ಇದ್ದರೂ ಎಕ್ಸ್‌ಪಿಗೆ ಕಾಣುತ್ತಿಲ್ಲ ಎಂದು ಅದರ ಅರ್ಥ. ಡಿಸ್ಕಿನ ಡ್ರೈವರನ್ನು ಸಿಡಿಯ ಕಡತಗಳೊಳಗೇ ಸೇರಿಸಿ ಹೊಸ ಸಿಡಿ ಬರೆದೆ. ಎರಡನೆಯ ಪ್ರಯತ್ನದಲ್ಲಿ ಒಪ್ಪಂದದ ಪುಟದವರೆಗೆ ಬಂತು. ಒಪ್ಪಿಗೆಯಿದ್ದರೆ ಎಫ್8 ಒತ್ತಿ ಎಂದಿತು. ಒತ್ತಿದೆ. ಏನೂ ಆಗಲಿಲ್ಲ. ಹೊಸ ಯುಎಸ್‌ಬಿ ಪೋರ್ಟನ್ನೂ ಎಕ್ಸ್‌ಪಿ ಗುರುತಿಸುವುದಿಲ್ಲ, ಹೀಗಾಗಿ ಕೀಬೋರ್ಡ್ ಅದರ ಪಾಲಿಗೆ ಇರಲೇ ಇಲ್ಲ.

ಬೋರ್ಡಿನಲ್ಲಿ ಹಳೆಯ ಗುಂಡು ಪಿನ್ನಿನ ಕೀಬೋರ್ಡಿಗೂ ಒಂದು ಪೋರ್ಟ್ ಇತ್ತು. ಅಂಥ ಕೀಬೋರ್ಡ್ ಎಲ್ಲಿ ಸಿಗುತ್ತದೆ ಎಂದು ಯೋಚಿಸುತ್ತಿದ್ದಾಗ ಸರೋಜಮ್ಮ ಸತ್ತ ಕಂಪ್ಯೂಟರಿನದನ್ನೇ ತಂದುಕೊಟ್ಟರು. ಅದರ ಮೇಲಿನ ಸಾಲಿನ ಗುಂಡಿಗಳ ಉದ್ದಕ್ಕೂ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ಎಫ್8 ಸರಿಯಾಗಿ ಕುಂಕುಮದ ಕೆಳಗಿತ್ತು.

"ಒರೆಸ್ಲಾ ಸರೋಜಮ್ಮ?"

"ಯಾಕೆ ಒರೆಸ್ತೀಯ ಮಾರಾಯ್ತಿ, ಹಂಗೇ ಒತ್ತು."

ಹಾಗೇ ಒತ್ತಿದೆ, ಮುಂದಕ್ಕೆ ಹೋಯಿತು. ಶುಕ್ರವಾರ ಸಂಜೆ ಐದಕ್ಕೆ ಎಕ್ಸ್‌ಪಿಯ ಹಸಿರು ಗುಡ್ಡ, ನೀಲಿ ಆಕಾಶ ಪರದೆಯ ಮೇಲೆ ಬಂತು. ಶನಿವಾರ ಕಾರ್ಡ್ ಕೂರಿಸಿ, ಅದರ ಡ್ರೈವರ್ ಹಾಕಿ, ಪ್ಯಾರಲಲ್ ಪೋರ್ಟಿನ ವಿಳಾಸ ಮೊದಲಿನಂತೆಯೇ ಇಟ್ಟು ಡಾಂಗಲ್ ಚುಚ್ಚಿದೆ. ಸಾಫ್ಟ್‌ವೇರ್ ಹಾಕಿ ಹಳೆಯ ಡಿಸ್ಕಿನ ಪ್ರತಿಯಿಂದ ಮಾಹಿತಿಯ ಕಡತಗಳನ್ನು ತಂದಿಟ್ಟೆ. ಈ ಕಂಪ್ಯೂಟರಿಗೆ ಇನ್ನು ಇಂಟರ್‌ನೆಟ್ ಆಗಲಿ ಪೆನ್‌ಡ್ರೈವ್ ಆಗಲಿ ಕೂಡದು ಎಂದು ಚೀಟಿ ಬರೆದು ಅಂಟಿಸಿದೆ; ಎಕ್ಸ್‌ಪಿಗೆ ಸುರಕ್ಷತೆಯ ತಿದ್ದುಪಡಿಗಳು ಬರುವುದು ನಿಂತು ಬಹಳ ಕಾಲವಾಗಿದೆ. ಕೊನೆಯದಾಗಿ, ಯಾವುದೇ ಹೊಸ ಕಂಪ್ಯೂಟರಿನಲ್ಲಿ ಮಾಡುವಂತೆ ತಾರೀಕು ಮತ್ತು ಸಮಯ ಸರಿ ಮಾಡಿದೆ. ಆಗ ಸರೋಜಮ್ಮ ಬಿಲ್ಲೆ ಹಿಡಿದು ಹೊರಗೆ ಹೋಗಿದ್ದರು.

ನಾಲ್ಕು ಗಂಟೆಗೆ ಅವರು ಬಂದ ಮೇಲೆ ಮೊದಲ ಕಿಡಿ ಹಾರಿಸಿದೆವು. ಯಂತ್ರದ ಆ ಚರಚರ ಸದ್ದಿಗೆ ಕುಲುಮೆಯ ಇಬ್ಬರು ಬಾಗಿಲಿಗೆ ಬಂದು ನಿಂತರು. ಪರೀಕ್ಷೆಗೆ ಇಟ್ಟದ್ದು ಅಂಶಗಳ ಪ್ರಮಾಣ ಖಚಿತವಾಗಿ ಗೊತ್ತಿರುವ ಬಿಲ್ಲೆ. ಅದರ ಪ್ರಮಾಣಪತ್ರದ ಪ್ರಕಾರ ಕಾರ್ಬನ್ ಶೇಕಡಾ 3.41. ಪರದೆ 3.78 ತೋರಿಸಿತು. ಸಿಲಿಕಾನ್ 2.05 ಇರಬೇಕಾದದ್ದು 1.81. ಮೂರು ಸಲ ಹಾರಿಸಿದರೂ ಅದೇ ತಪ್ಪು, ಅಷ್ಟೇ ತಪ್ಪು.

ಸರೋಜಮ್ಮ ಪರದೆಯನ್ನು ನೋಡಿ ತಲೆಯಾಡಿಸಿದರು. "ಇದು ಅಧಿಕ ಮಾಸದ ರೀಡಿಂಗ್."

"ಏನು?" ಎಂದರು ಹರೀಶ್.

"ಅಧಿಕ ಮಾಸ ಬಂದ ವರ್ಷ ಮಿಷನ್ ಹಿಂಗೇ ಆಡುತ್ತೆ ಸರ್. ಇನ್ನೇನು ಪೂಜೆ ಹತ್ರ ಬಂತು ಅನ್ನೋವಾಗ ಕೆಟ್ಟು ಹೋಗುತ್ತೆ. ಈ ವರ್ಷಾನೂ ಕೆಟ್ಟಿತ್ತು, ಸರಿ ಮಾಡಿದ್ದೆ. ಬೇರೆ ವರ್ಷ ಏನೂ ಆಗಲ್ಲ."

"ಸರೋಜಮ್ಮ, ಆಡಿಟ್‌ನೋರು ಬಂದಾಗ ದಯವಿಟ್ಟು ಪಂಚಾಂಗ ತೆಗೀಬೇಡಿ. ಮೇಡಂ, ಮಿಷನ್ನೇ ಹೋಗಿದೆ ಅಂತ ಬರೆದುಕೊಟ್ಬಿಡಿ, ನಾನು ಮುಂದಿನ ವ್ಯವಸ್ಥೆ ಮಾಡ್ತೀನಿ."

ನಾನು ಏನನ್ನೂ ಬರೆದುಕೊಡಲಿಲ್ಲ. ಆದರೆ ಸರೋಜಮ್ಮನ ಮಾತನ್ನು ಗಂಭೀರವಾಗಿ ತೆಗೆದುಕೊಂಡೆ ಎಂದರೆ ಸುಳ್ಳಾಗುತ್ತದೆ. ಒಳಗೊಳಗೆ ನಾನೂ ಹರೀಶರಷ್ಟೇ ನಕ್ಕಿದ್ದೆ.

ಭಾನುವಾರ ಮನೆಯಲ್ಲಿ ಕೂತು ನಾನು ಬದಲಾಯಿಸಿದ್ದನ್ನೆಲ್ಲ ಪಟ್ಟಿ ಮಾಡಿದೆ. ಕಾರ್ಡಿನ ವೇಗ, ಕೇಬಲ್, ಡ್ರೈವರಿನ ಆವೃತ್ತಿ, ಕಡತಗಳ ಗಾತ್ರ. ಯಾವುದೂ ಕಾರಣವಾಗಿರಲಿಲ್ಲ. ಯಂತ್ರ ಕೆಟ್ಟಿದ್ದರೆ ಅಂಕಿಗಳು ಪ್ರತಿ ಸಲ ಬೇರೆ ಬೇರೆ ಬರಬೇಕು. ಇಲ್ಲಿ ತಪ್ಪು ಅಚ್ಚುಕಟ್ಟಾಗಿತ್ತು. ಅಂದರೆ ಅಳತೆ ಸರಿ, ಲೆಕ್ಕ ತಪ್ಪು. ಲೆಕ್ಕ ಮಾಡುವುದು ಕಂಪ್ಯೂಟರ್. ಹಾಗಾದರೆ ಕಂಪ್ಯೂಟರಿಗೆ ಅಧಿಕ ಮಾಸ ತಿಳಿಯುವುದು ಹೇಗೆ?

ಪ್ರಶ್ನೆಯನ್ನು ಹೀಗೆ ಕೇಳಿಕೊಂಡ ಮೇಲೆ ಉತ್ತರ ದೂರವಿರಲಿಲ್ಲ. ಗೋಡೆಯ ಕ್ಯಾಲೆಂಡರ್ ತೆಗೆದು ಎಣಿಸಿದೆ. ಒಂದು ಆಯುಧಪೂಜೆಯಿಂದ ಇನ್ನೊಂದಕ್ಕೆ ಸಾಮಾನ್ಯ ವರ್ಷದಲ್ಲಿ ಸುಮಾರು 354 ದಿನ. ಅಧಿಕ ಮಾಸ ಬಂದರೆ ಸುಮಾರು 384. ಈ ಎರಡರ ನಡುವೆ ಕಂಪ್ಯೂಟರಿಗೆ ಗೊತ್ತಿರುವ ಸಂಖ್ಯೆ ಒಂದೇ, 365. ಪೂಜೆಯ ದಿನ ಹೊರಟು 365 ದಿನಕ್ಕೆ ಮುಗಿಯುವಂಥದ್ದು ಏನೋ ಆ ಯಂತ್ರದಲ್ಲಿತ್ತು.

ಸೋಮವಾರ ಎಂಟೂವರೆಗೆ ಲ್ಯಾಬಿಗೆ ಹೋಗಿ ರಿಜಿಸ್ಟರ್ ಕೇಳಿದೆ. ಸರೋಜಮ್ಮ ಒಂದಲ್ಲ, ಹನ್ನೊಂದು ರಿಜಿಸ್ಟರ್ ತಂದಿಟ್ಟರು. ಪ್ರತಿ ಪುಟದಲ್ಲೂ ತಾರೀಕಿಗೆ ಎರಡು ಕಾಲಮ್. ಒಂದರ ತಲೆಯಲ್ಲಿ 'ನಮ್ಮ ತಾರೀಕು', ಇನ್ನೊಂದರಲ್ಲಿ 'ಮಿಷನ್ ತಾರೀಕು'. ಪೂಜೆಗೆ ಮೊದಲಿನ ಕೊನೆಯ ಸಾಲಿನಲ್ಲಿ ನಮ್ಮ ತಾರೀಕು 21-10-2023. ಮಿಷನ್ ತಾರೀಕು 16-1-2003.

"ಇದೇನು ಸರೋಜಮ್ಮ?"

"ಮಿಷನ್‌ಗೆ ಪೂಜೆ ಆದ್ಮೇಲೆ ಹೊಸ ವರ್ಷ. ಆಫ್ ಮಾಡಿ ಆನ್ ಮಾಡಿದ್ರೆ ಜನವರಿ ಒಂದು, 2002. ಪ್ರತಿ ವರ್ಷ."

ಕಂಪ್ಯೂಟರ್ ಆಫ್ ಆದಾಗಲೂ ತಾರೀಕು ನೆನಪಿಟ್ಟುಕೊಳ್ಳಲು ಮದರ್‌ಬೋರ್ಡಿನಲ್ಲಿ ಬಿಲ್ಲೆಯಂಥ ಸಣ್ಣ ಬ್ಯಾಟರಿ ಇರುತ್ತದೆ. ಅದು ಹನ್ನೊಂದು ವರ್ಷದ ಹಿಂದೆಯೇ ಮುಗಿದಿತ್ತು. ಯುಪಿಎಸ್, ಜನರೇಟರ್ ಎರಡೂ ಇದ್ದುದರಿಂದ ಆ ಕಂಪ್ಯೂಟರಿಗೆ ವರ್ಷವಿಡೀ ಕರೆಂಟ್ ತಪ್ಪುತ್ತಿರಲಿಲ್ಲ. ತಪ್ಪುತ್ತಿದ್ದದ್ದು ಆಯುಧಪೂಜೆಗೆ ಮಾತ್ರ.

"ತಾರೀಕು ಸರಿ ಮಾಡ್ಲಿಲ್ವಾ?"

"ಮೊದಲ್ನೇ ವರ್ಷ ಸ್ಟ್ಯಾಂಡರ್ಡೈಸ್ ಆದ್ಮೇಲೆ ಮಾಡಿದ್ದೆ ಕಣ್ಣು. ತಕ್ಷಣ ರೀಡಿಂಗ್ ಕೆಡ್ತು. ಕಂಪನಿ ಇಂಜಿನಿಯರ್‌ಗೆ ಫೋನ್ ಮಾಡಿದ್ರೆ, ಓಡ್ತಿದ್ಯಲ್ಲ, ಮುಟ್ಟಬೇಡಿ ಅಂದ್ರು. ಮುಟ್ಟಲಿಲ್ಲ. ಪೂಜೆ ಆದ ಮಾರನೇ ದಿನ ಸ್ಟ್ಯಾಂಡರ್ಡೈಸ್ ಮಾಡ್ತೀನಿ, ಆಮೇಲೆ ಎರಡೂ ತಾರೀಕು ಬರೀತೀನಿ."

ಸ್ಟ್ಯಾಂಡರ್ಡೈಸ್ ಮಾಡುವುದೆಂದರೆ ಪ್ರಮಾಣ ಗೊತ್ತಿರುವ ಬಿಲ್ಲೆಗಳನ್ನು ಒಂದೊಂದಾಗಿ ಇಟ್ಟು ಯಂತ್ರಕ್ಕೆ ತಿದ್ದುಪಡಿ ಕಲಿಸುವುದು. ಆ ತಿದ್ದುಪಡಿಗೆ ಸಾಫ್ಟ್‌ವೇರ್ ಕೊಟ್ಟಿದ್ದ ಆಯಸ್ಸು 365 ದಿನ. ಅವಧಿ ಮುಗಿದರೆ ಅದು ಯಾರಿಗೂ ಹೇಳದೆ, ಕಾರ್ಖಾನೆಯಿಂದ ಹೊರಟಾಗಿನ ಮೂಲ ಅಂಕಿಗಳಿಗೆ ಮರಳುತ್ತಿತ್ತು. ಸಾಮಾನ್ಯ ವರ್ಷಗಳಲ್ಲಿ ಅವಧಿ ಮುಗಿಯುವ ಮೊದಲೇ ಮುಂದಿನ ಪೂಜೆ ಬಂದು, ಹೊಸ ತಿದ್ದುಪಡಿ ಆಗಿಬಿಡುತ್ತಿತ್ತು. ರಿಜಿಸ್ಟರ್‌ಗಳಲ್ಲಿ 2018, 2020 ಮತ್ತು 2023ರ ಪುಟಗಳನ್ನು ತೆಗೆದೆವು. ಕೊನೆಯ ಮೂರು ಅಧಿಕ ಮಾಸದ ವರ್ಷಗಳು ಅವು. ಮೂರರಲ್ಲೂ ಪೂಜೆಗೆ ಕೆಲವು ದಿನ ಮೊದಲು ಕೆಂಪು ಶಾಯಿಯಲ್ಲಿ ಒಂದೇ ವಾಕ್ಯ: 'ರೀಡಿಂಗ್ ಕೆಟ್ಟಿತು, ಮತ್ತೆ ಸ್ಟ್ಯಾಂಡರ್ಡೈಸ್ ಮಾಡಿದೆ.' ಈ ವರ್ಷದ್ದು ಅಕ್ಟೋಬರ್ 6. ಹಿಂದಿನ ವರ್ಷ ಪೂಜೆ ಮುಗಿದು ಯಂತ್ರ ಹೊರಟದ್ದು ಅಕ್ಟೋಬರ್ 6. ಒಂದು ದಿನವೂ ಹೆಚ್ಚು ಕಡಿಮೆ ಇರಲಿಲ್ಲ.

ಶನಿವಾರ ನಾನು ಹಾಕಿದ ಸರಿಯಾದ ತಾರೀಕು ಯಂತ್ರವನ್ನು ಒಂದೇ ಏಟಿಗೆ ಇಪ್ಪತ್ತು ವರ್ಷ ಮುಂದೆ ತಳ್ಳಿತ್ತು. ಅದರ ಪಾಲಿಗೆ ತಿದ್ದುಪಡಿ ಎಂದೋ ಹಳಸಿತ್ತು. ತಪ್ಪು ಎಕ್ಸ್‌ಪಿಯದಲ್ಲ, ಬೋರ್ಡಿನದಲ್ಲ, ನನ್ನದು.

ತಾರೀಕನ್ನು 25-1-2003ಕ್ಕೆ ತಿರುಗಿಸಿ ಅದೇ ಬಿಲ್ಲೆ ಇಟ್ಟೆವು. ಕಾರ್ಬನ್ 3.42. ಸಿಲಿಕಾನ್ 2.04.

ಹರೀಶ್ ಮುಖ ಅರಳಿತು. "ಹಂಗೇ ಬಿಟ್ಬಿಡಿ ಮೇಡಂ. ನಾಳೆ ಆಡಿಟ್ ಮುಗೀಲಿ. ತಾರೀಕು ಯಾರು ನೋಡ್ತಾರೆ?"

ನಾನು ಬಾಯಿ ತೆರೆಯುವ ಮೊದಲು ಸರೋಜಮ್ಮ ಹೇಳಿದರು. "ಬೇಡ ಸರ್. ಹೊಸ ಬೋರ್ಡ್ ಜೊತೆ ಹೊಸ ಬ್ಯಾಟರಿನೂ ಬಂದಿದೆ, ಇನ್ನು ಸುಳ್ಳು ತಾರೀಕು ಯಾಕೆ? ಹದಿನಾಲ್ಕು ಬಿಲ್ಲೆ ಇದೆ, ನಿಜವಾದ ತಾರೀಕಲ್ಲೇ ಕೂರಿಸ್ತೀನಿ. ಸಂಜೆ ಐದಕ್ಕೆ ಬನ್ನಿ."

"ಐದಕ್ಕೆ ಆಗದಿದ್ರೆ?"

"ಸ್ಟೂಲ್ ಒರೆಸಿಟ್ಟಿರಿ."

ತಾರೀಕು ಸರಿ ಮಾಡಿದೆ. ಅವರು ಕೆಲಸಕ್ಕೆ ಕೂತರು. ಪ್ರತಿ ಬಿಲ್ಲೆಯನ್ನು ಕಲ್ಲಿಗೆ ಹಿಡಿದು ಮುಖ ಉಜ್ಜುವುದು, ಗೆರೆಗಳು ಒಂದೇ ದಿಕ್ಕಿಗೆ ಇವೆಯೇ ಎಂದು ಬೆಳಕಿಗೆ ಹಿಡಿದು ನೋಡುವುದು, ಬೆರಳು ತಾಗದಂತೆ ಯಂತ್ರದ ಮೇಲಿಡುವುದು, ನಾಲ್ಕು ಕಿಡಿ, ನಾಲ್ಕರಲ್ಲಿ ಒಂದು ಹೊಂದದಿದ್ದರೆ ಮತ್ತೆ ಕಲ್ಲು. ನಾನು ಪಕ್ಕದಲ್ಲಿ ಕೂತು ಅಂಕಿಗಳನ್ನು ಓದಿ ಹೇಳಿದೆ, ಬೇರೇನೂ ಮಾಡಲಿಲ್ಲ. ಒಂಬತ್ತನೆಯ ಬಿಲ್ಲೆಯಲ್ಲಿ ಗಂಧಕ ಹೊಂದಲಿಲ್ಲ. ಅವರು ಅದನ್ನು ಆರು ಸಲ ಉಜ್ಜಿದರು, ಬೆವರು ಒರೆಸಿಕೊಳ್ಳಲೂ ನಿಲ್ಲಲಿಲ್ಲ. ನಾಲ್ಕು ನಲವತ್ತಕ್ಕೆ ಹದಿನಾಲ್ಕೂ ಮುಗಿದವು. ಪರೀಕ್ಷೆಯ ಬಿಲ್ಲೆ 3.41 ತೋರಿಸಿತು, ತಾರೀಕು 30-10-2023.

ಮಂಗಳವಾರ ಆಡಿಟರ್ ಬಂದರು. ಮಾತು ಕಡಿಮೆಯ, ಕನ್ನಡಕದ ಹಿರಿಯರು. ತಮ್ಮ ಜೇಬಿನಿಂದ ತಾವೇ ತಂದಿದ್ದ ಬಿಲ್ಲೆ ತೆಗೆದು ಸರೋಜಮ್ಮನ ಕೈಗಿಟ್ಟರು. ಅದರ ಪ್ರಮಾಣ ಅವರಿಗೆ ಮಾತ್ರ ಗೊತ್ತು. ಬಂದ ಅಂಕಿಗಳನ್ನು ತಮ್ಮ ಹಾಳೆಯ ಜೊತೆ ಹೋಲಿಸಿ ತಲೆಯಾಡಿಸಿದರು. ಆಮೇಲೆ ಹಳೆಯ ಪ್ರಿಂಟ್ ಒಂದನ್ನು ಎತ್ತಿ ಹಿಡಿದು, "ಇದರಲ್ಲಿ ಎರಡು ಸಾವಿರದ ಎರಡು ಅಂತಿದೆಯಲ್ಲ?" ಎಂದರು.

ಹರೀಶ್ ಕಿಟಕಿಯ ಕಡೆ ನೋಡಿದರು. ಸರೋಜಮ್ಮ ರಿಜಿಸ್ಟರ್ ತೆರೆದು ಅವರ ಮುಂದೆ ತಿರುಗಿಸಿದರು. ಬ್ಯಾಟರಿಯಿಂದ ಹಿಡಿದು ಶನಿವಾರದ ನನ್ನ ತಪ್ಪಿನವರೆಗೆ, ಏನನ್ನೂ ಬಿಡದೆ, ಏಳೆಂಟು ವಾಕ್ಯಗಳಲ್ಲಿ ಹೇಳಿದರು. ಆಡಿಟರ್ ಅಲ್ಲೊಂದು ಇಲ್ಲೊಂದು ಪುಟ ತೆಗೆದು ಎರಡೂ ತಾರೀಕುಗಳನ್ನು ಬೆರಳಲ್ಲಿ ಎಣಿಸಿ ತಾಳೆ ನೋಡಿದರು. ಅದಕ್ಕೆ ಸುಮಾರು ಇಪ್ಪತ್ತು ನಿಮಿಷ ಹಿಡಿಯಿತು.

"ಒಂದೂ ತಪ್ಪಿಲ್ಲ" ಎಂದರು ಕೊನೆಗೆ. ಕಂಪ್ಯೂಟರಿನ ಗಡಿಯಾರದ ಬಗ್ಗೆ ಒಂದು ಸಣ್ಣ ಆಕ್ಷೇಪ ಬರೆದರು, ಲ್ಯಾಬನ್ನು ಒಪ್ಪಿದರು. ಅವರ ನಮೂನೆಯಲ್ಲಿ ಪರೀಕ್ಷೆಯ ಹೊಣೆ ಹೊತ್ತವರ ಹೆಸರಿಗೆ ಒಂದು ಜಾಗವಿತ್ತು. ಅಲ್ಲಿಯವರೆಗೆ ಪ್ರತಿ ವರ್ಷ ಕ್ವಾಲಿಟಿ ಮ್ಯಾನೇಜರ್ ಹೆಸರು ಬರೆಯುವುದು ರೂಢಿ. ಹರೀಶ್ ಪೆನ್ನು ಹಿಡಿದು, "ನಿಮ್ಮ ಇನಿಶಿಯಲ್ ಏನು ಸರೋಜಮ್ಮ?" ಎಂದು ಕೇಳಿದರು.

ಆ ಕಂಪ್ಯೂಟರ್ ಇಂದಿಗೂ ಓಡುತ್ತಿದೆ. ಸರೋಜಮ್ಮ ಇನ್ನೂ ಆ ಕೋಣೆಯಲ್ಲೇ ಇದ್ದಾರೆ. ತಾರೀಕಿಗೆ ಈಗ ಒಂದೇ ಕಾಲಮ್.

ಹಳೆಯ ಸಿಸ್ಟಮನ್ನು ಹೊಸ ಯಂತ್ರಕ್ಕೆ ಹಾಕುವ ಕೆಲಸಗಳು ಆಮೇಲೆ ನನಗೆ ಹಲವು ಬಂದಿವೆ. ನೀಲಿ ಪರದೆ, ಕಾಣದ ಡಿಸ್ಕ್, ಕೆಲಸ ಮಾಡದ ಕೀಬೋರ್ಡ್ ಇವೆಲ್ಲ ಓದಿ ಕಲಿಯುವಂಥವು, ಕಲಿತರೆ ಮುಗಿಯಿತು. ಯಂತ್ರ ತಪ್ಪಿದ ಕಡೆಯೆಲ್ಲ ಅದರ ಜೊತೆ ಇರುವ ಮನುಷ್ಯರು ಯಾವುದೋ ಒಂದು ರೂಢಿ ಮಾಡಿಕೊಂಡು ಅದನ್ನು ಸಂಭಾಳಿಸಿರುತ್ತಾರೆ. ಆ ರೂಢಿ ಯಾವ ಕೈಪಿಡಿಯಲ್ಲೂ ಇರುವುದಿಲ್ಲ. ಹಾಗಾಗಿ ಈಗ ಸ್ಕ್ರೂ ಬಿಚ್ಚುವ ಮೊದಲು, ಯಂತ್ರವನ್ನು ಹೆಚ್ಚು ಕಾಲ ನಡೆಸಿದವರು ಯಾರು ಎಂದು ವಿಚಾರಿಸಿ ಅವರ ಹತ್ತಿರ ಹೋಗಿ ಕೂರುತ್ತೇನೆ. ಇದು ಯಾವಾಗ ಮುನಿಸಿಕೊಳ್ಳುತ್ತದೆ, ಆಗ ನೀವು ಏನು ಮಾಡುತ್ತೀರಿ ಎಂದು ಕೇಳುತ್ತೇನೆ. ಉತ್ತರ ಎಷ್ಟೇ ವಿಚಿತ್ರವಾಗಿದ್ದರೂ ನಗುವುದಿಲ್ಲ, ಬರೆದುಕೊಳ್ಳುತ್ತೇನೆ.